ಸಿಲ್ವರ್‌ಮೂನ್ ಯಾರ ಊರು? ವಾರ್‌ಕ್ರಾಫ್ಟ್‌ನ ಎರಡು ಬಣಗಳ ತೀರದ ಲೆಕ್ಕ

ಬ್ಲಿಝರ್ಡ್ ಸಂಸ್ಥೆಯ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ ಆಟಗಾರರು ಓರ್ಕ್‌ಗಳ ಕಡೆಯ ಹೋರ್ಡ್, ಮನುಷ್ಯರ ಕಡೆಯ ಅಲಯನ್ಸ್ ಎಂಬ ಎರಡು ಎದುರಾಳಿ ಬಣಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಆಟಕ್ಕೆ ಹೊಸ ಕಥೆ, ಹೊಸ ನೆಲ ಸೇರಿಸುವ ದೊಡ್ಡ ವಿಸ್ತರಣೆಗೆ ಎಕ್ಸ್‌ಪ್ಯಾನ್ಷನ್ ಎಂದು ಹೆಸರು; 2026ರ ಮಾರ್ಚ್ 2ರ ‘ಮಿಡ್‌ನೈಟ್’ ಎಂಬ ಎಕ್ಸ್‌ಪ್ಯಾನ್ಷನ್‌ನ ಕಥೆ ಎಲ್ಫ್‌ಗಳ ನಾಡಾದ ಕೆಲ್ಥಲಾಸ್‌ನಲ್ಲಿ ನಡೆಯುತ್ತದೆ. ಆ ನಾಡಿನ ರಾಜಧಾನಿ ಸಿಲ್ವರ್‌ಮೂನ್ 2007ರಿಂದಲೂ ಹೋರ್ಡ್ ಬಣದ ಊರು. ಇಷ್ಟು ವರ್ಷಗಳಲ್ಲಿ ಅಲಯನ್ಸ್ ಬಣದ ಆಟಗಾರರು ಆ ಊರಿನ ಬೀದಿಗಳಲ್ಲಿ ಓಡಾಡಿದ್ದರೆ ಅದು ಕತ್ತಿ ಹಿರಿದುಕೊಂಡೇ. ಕಾವಲಿನವರು ಅವರನ್ನು ಕಂಡಲ್ಲಿಯೇ ಮೇಲೆರಗುತ್ತಿದ್ದರು. ಈಗ ಆ ನಗರವನ್ನು ಹೊಸದಾಗಿ ಕಟ್ಟಿ, ಅದರ ಒಂದು ಭಾಗವನ್ನು ಮಾತ್ರ ಹೋರ್ಡ್‌ಗೆ ಮೀಸಲಿಟ್ಟು, ಉಳಿದುದನ್ನು ಎರಡೂ ಬಣಗಳಿಗೆ ತೆರೆಯಲಾಗುತ್ತಿದೆ. ತಮ್ಮ ಮನೆಯಂಗಳವನ್ನು ಎದುರಾಳಿಗೆ ಬಿಟ್ಟುಕೊಟ್ಟಂತಾಯಿತೆಂದು ಹೋರ್ಡ್‌ನ ಕೆಲವರಿಗೆ ಅನಿಸಿದರೆ, ಎಕ್ಸ್‌ಪ್ಯಾನ್ಷನ್ ಪೂರ್ತಿ ಬೇರೆಯವರ ಊರಿನಲ್ಲಿ ಅತಿಥಿಗಳಾಗಿ ಕಳೆಯಬೇಕಲ್ಲ ಎಂಬುದು ಅಲಯನ್ಸ್‌ನ ಕೆಲವರ ಕೊರಗು. ಕಥೆಯಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಈ ಜಗಳ ಸಿಲ್ವರ್‌ಮೂನ್‌ನಿಂದ ಹುಟ್ಟಿದ್ದಲ್ಲ. ಅದರ ಬೇರು 1994ರಷ್ಟು ಹಿಂದಕ್ಕೆ ಹೋಗುತ್ತದೆ.

ಆ ವರ್ಷ ಹೊರಬಂದ ಮೊದಲ ವಾರ್‌ಕ್ರಾಫ್ಟ್ ಆಟದಲ್ಲಿ ಮನುಷ್ಯರ ಮೇಲೆ ಬೇರೊಂದು ಲೋಕದಿಂದ ಓರ್ಕ್‌ಗಳು ದಾಳಿ ಮಾಡುತ್ತಾರೆ, ಆಟಗಾರ ತನಗೆ ಬೇಕಾದ ಪಕ್ಷ ಹಿಡಿಯುತ್ತಾನೆ; ಅದಕ್ಕಿಂತ ಹೆಚ್ಚಿನ ಜಿಜ್ಞಾಸೆಗೆ ಅಲ್ಲಿ ಜಾಗವಿರಲಿಲ್ಲ. ಮೊದಲ ಯುದ್ಧದಲ್ಲಿ ಓರ್ಕ್‌ಗಳು ಗೆದ್ದು ಸ್ಟಾರ್ಮ್‌ವಿಂಡ್ ನಗರ ಉರುಳಿತು. 1995ರ ಎರಡನೆಯ ಆಟದ ಕೊನೆಗೆ ಮನುಷ್ಯರ ಒಕ್ಕೂಟ ಗೆದ್ದಿತೆಂಬುದೇ ಅಧಿಕೃತ ಇತಿಹಾಸವಾಯಿತು. ನೈತಿಕ ತೊಡಕು ಬಂದದ್ದು 2002ರ ಮೂರನೆಯ ವಾರ್‌ಕ್ರಾಫ್ಟ್‌ನಲ್ಲಿ. ಸೋತ ಓರ್ಕ್‌ಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದ ಮನುಷ್ಯರ ಕೈಕೆಳಗೆ ಗುಲಾಮನಾಗಿ ಬೆಳೆದ ಥ್ರಾಲ್ ತನ್ನ ಜನರನ್ನು ಬಿಡಿಸಿಕೊಂಡು ಸಮುದ್ರ ದಾಟಿ ಹೊಸ ನೆಲೆ ಕಟ್ಟುತ್ತಾನೆ. ಅತ್ತ ಮನುಷ್ಯರ ರಾಜಕುಮಾರ ಆರ್ಥಸ್ ತನ್ನ ತಂದೆಯನ್ನೇ ಕೊಂದು ಶವಸೇನೆಯ ನಾಯಕನಾಗುತ್ತಾನೆ. ರಾಕ್ಷಸರೆನಿಸಿಕೊಂಡವರು ನಿರಾಶ್ರಿತರಾದರು, ಧರ್ಮಿಷ್ಠರೆನಿಸಿಕೊಂಡವರ ಮನೆಯಲ್ಲಿಯೇ ಕೇಡು ಮೊಳೆಯಿತು. ಹೋರ್ಡ್ ಎಂಬ ಬಣವನ್ನು ಇಂದಿಗೂ ಪ್ರೀತಿಸುವವರಲ್ಲಿ ಹೆಚ್ಚಿನವರು ಪ್ರೀತಿಸುವುದು ಈ ಥ್ರಾಲ್‌ನ ಹೋರ್ಡ್ ಅನ್ನು.

2004ರ ನವೆಂಬರ್ 23ರಂದು ಆನ್‌ಲೈನ್ ಆಟ ಆರಂಭವಾದಾಗ ಒಂದೊಂದು ಬಣಕ್ಕೆ ನಾಲ್ಕು ಜನಾಂಗಗಳಿದ್ದವು, ಇಬ್ಬರ ನಡುವೆ ಗಟ್ಟಿ ಗೋಡೆಯಿತ್ತು. ಎದುರು ಬಣದವರೊಂದಿಗೆ ತಂಡ ಕಟ್ಟುವಂತಿರಲಿಲ್ಲ, ಮಾತೂ ಆಡುವಂತಿರಲಿಲ್ಲ. ಅವರು ಟೈಪ್ ಮಾಡಿದ್ದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತಿತ್ತು. ಹೋರ್ಡ್‌ನವನೊಬ್ಬ ನಗುತ್ತ ‘ಲೋಲ್’ ಎಂದರೆ ಅಲಯನ್ಸ್‌ನವನ ತೆರೆಯಲ್ಲಿ ಅದು ‘ಕೆಕ್’ ಎಂದಾಗಿ, ಆ ‘ಕೆಕ್’ ಎಂಬುದು ಆಟದ ಹೊರಗೂ ನಗುವಿನ ಪದವಾಗಿ ಹಬ್ಬಿದ್ದು ಈ ಗೋಡೆಯ ಅನಿರೀಕ್ಷಿತ ಕೊಡುಗೆ. ಪ್ಯಾಲಡಿನ್ ಎಂಬ ಯೋಧಪಾತ್ರ ಅಲಯನ್ಸ್‌ಗೆ ಮಾತ್ರ, ಶಾಮನ್ ಎಂಬ ಮಾಂತ್ರಿಕಪಾತ್ರ ಹೋರ್ಡ್‌ಗೆ ಮಾತ್ರ ಎಂಬ ಕಟ್ಟುಪಾಡೂ ಆಗ ಇತ್ತು.

ಈ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು 2007ರ ಜನವರಿಯಲ್ಲಿ ಬಂದ ಮೊದಲ ಎಕ್ಸ್‌ಪ್ಯಾನ್ಷನ್‌ನಲ್ಲಿ, ಅದೂ ಇದೇ ಸಿಲ್ವರ್‌ಮೂನ್‌ನ ಮೂಲಕ. ಎರಡನೆಯ ವಾರ್‌ಕ್ರಾಫ್ಟ್‌ನಲ್ಲಿ ಈ ಎಲ್ಫ್‌ಗಳು ಅಲಯನ್ಸ್ ಪಕ್ಷದವರಾಗಿದ್ದರು. ಆರ್ಥಸ್ ಅವರ ನಾಡನ್ನು ನಾಶಮಾಡಿದ. ಅಳಿದುಳಿದವರನ್ನು ಗರಿಥೋಸ್ ಎಂಬ ಮನುಷ್ಯ ಸೇನಾಧಿಪತಿ ಕೀಳಾಗಿ ಕಂಡು ಸೆರೆಗೆ ತಳ್ಳಿದ. ಹಾಗಾಗಿ ಅವರು ಹೋರ್ಡ್ ಸೇರಿದರೆಂಬುದು ಕಥೆ ಕೊಡುವ ಕಾರಣ. ಓರ್ಕ್, ಟ್ರೋಲ್, ಶವರೂಪಿಗಳೇ ತುಂಬಿದ್ದ ಬಣಕ್ಕೆ ಚೆಲುವಾದ ಮುಖವೊಂದು ಬೇಕಿತ್ತೆಂಬುದು ಆಟದ ವ್ಯವಹಾರ ಬಲ್ಲವರೆಲ್ಲ ಹೇಳುವ ಕಾರಣ. ಎರಡೂ ನಿಜವಿರಬಹುದು. ಆದರೆ ಅಂಗಡಿಯ ಅಗತ್ಯ ಮುಂದೆ ಹೋಗಿ ಕಥೆ ಅದರ ಹಿಂದೆ ಕಾರಣ ಹುಡುಕಿಕೊಂಡು ಬರುವ ಪದ್ಧತಿ ಇಲ್ಲಿಂದಲೇ ಸ್ಪಷ್ಟವಾಗಿ ಕಾಣತೊಡಗುತ್ತದೆ, ಮತ್ತು ಮುಂದಿನ ಎಲ್ಲ ಗೊಂದಲಗಳಿಗೂ ಅದೇ ಬೀಜ.

ಆಟ ಆಟಗಾರರಿಗೆ ಒಪ್ಪಿಸುವ ಕೆಲಸಗಳಾದ ಕ್ವೆಸ್ಟ್‌ಗಳನ್ನು ಎಣಿಸಿ ತಕ್ಕಡಿಗೆ ಹಾಕಿದರೆ ಎರಡೂ ತಟ್ಟೆಗಳು ಬಹುಮಟ್ಟಿಗೆ ಸಮನಾಗಿಯೇ ನಿಲ್ಲುತ್ತವೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಎರಡೂ ಬಣದವರು ಒಂದೇ ಚಂದಾ ಕಟ್ಟುವವರು. ಒಬ್ಬರಿಗೆ ಕಡಿಮೆ ಬಡಿಸಿದರೆ ಸಂಸ್ಥೆಗೇ ನಷ್ಟ. ಆದರೆ ಅದೇ ಕಾರಣದಿಂದ ಯಾವ ಬಣವೂ ನಿಜವಾಗಿ ಸೋಲುವಂತಿಲ್ಲ, ಯಾವ ಬಣವೂ ನಿಜವಾಗಿ ಗೆಲ್ಲುವಂತಿಲ್ಲ. ಯುದ್ಧದ ಕಥೆ ಹೇಳುತ್ತೇನೆಂದು ಹೊರಟವರಿಗೆ ಇದಕ್ಕಿಂತ ದೊಡ್ಡ ಕಟ್ಟು ಇನ್ನೊಂದಿಲ್ಲ. ಅದರಿಂದ ತಪ್ಪಿಸಿಕೊಳ್ಳಲು ಬರಹಗಾರರು ಕಂಡುಕೊಂಡ ದಾರಿಯೇ ಅಸಮತೋಲನದ ಮೂಲವಾಯಿತೆಂದು ನನಗೆ ತೋರುತ್ತದೆ: ಹೋರ್ಡ್‌ನ ನಾಯಕನೊಬ್ಬ ಕೇಡು ಮಾಡುತ್ತಾನೆ, ಅಲಯನ್ಸ್ ಅದನ್ನು ಅನುಭವಿಸುತ್ತದೆ, ಕೊನೆಗೆ ಎರಡೂ ಬಣಗಳು ಸೇರಿ ಆ ನಾಯಕನನ್ನು ಇಳಿಸುತ್ತವೆ. ಕೈ ಮಾಡುವ ಅವಕಾಶವೆಲ್ಲ ಒಂದು ಕಡೆಗೆ, ಅದರ ಜೊತೆಗೆ ಪಾಪವೂ ಆ ಕಡೆಗೆ. ಇನ್ನೊಂದು ಕಡೆಗೆ ಸಿಗುವುದು ಶೋಕ, ಸಹನೆ ಮತ್ತು ದೊಡ್ಡ ಮನಸ್ಸು ಮಾಡಬೇಕೆಂಬ ಉಪದೇಶ.

2010ರ ಡಿಸೆಂಬರ್‌ನ ‘ಕ್ಯಾಟಕ್ಲಿಸಮ್’ ಎಕ್ಸ್‌ಪ್ಯಾನ್ಷನ್‌ನಲ್ಲಿ ಇದರ ಮೊದಲ ದೊಡ್ಡ ಪ್ರಯೋಗ ನಡೆಯಿತು. ಥ್ರಾಲ್ ಪಟ್ಟ ಬಿಟ್ಟು ಗ್ಯಾರೋಶ್ ಹೆಲ್‌ಸ್ಕ್ರೀಮ್ ಹೋರ್ಡ್‌ನ ವಾರ್‌ಚೀಫ್, ಅಂದರೆ ಸರ್ವೋಚ್ಚ ನಾಯಕನಾದ. ಆಗ ಅಲಯನ್ಸ್‌ಗೆ ಹೊಸದಾಗಿ ಸೇರಿದ ವರ್ಗೆನ್ ಜನಾಂಗದ ನಾಡು ಗಿಲ್ನಿಯಸ್. ಆ ಜನಾಂಗ ಆರಿಸಿಕೊಂಡವನು ಆಟದ ಮೊದಲ ಕೆಲವು ಗಂಟೆಗಳನ್ನು ತನ್ನ ನಾಡು ಕೈತಪ್ಪಿಹೋಗುವುದನ್ನು ನೋಡುತ್ತ ಕಳೆದು ಹಡಗು ಹತ್ತುತ್ತಾನೆ. ಆಮೇಲೆ ಅದೇ ಯುದ್ಧ ಏನಾಯಿತೆಂದು ತಿಳಿಯಬೇಕಾದರೆ ಹೋರ್ಡ್ ಪಾತ್ರವೊಂದನ್ನು ಸೃಷ್ಟಿಸಿಕೊಂಡು ಪಕ್ಕದ ಸಿಲ್ವರ್‌ಪೈನ್ ಕಾಡಿಗೆ ಹೋಗಬೇಕಿತ್ತು, ಏಕೆಂದರೆ ಮುಂದಿನ ಅಧ್ಯಾಯವನ್ನು ಹೇಳಿದ್ದು ಹೋರ್ಡ್ ಕ್ವೆಸ್ಟ್‌ಗಳಲ್ಲಿ ಮಾತ್ರ. ಗಾಯ ಒಬ್ಬರದು, ಅದರ ಕಥೆ ಇನ್ನೊಬ್ಬರದು. ಸೌತ್‌ಶೋರ್ ಎಂಬ ಅಲಯನ್ಸ್ ಹಳ್ಳಿ ವಿಷದ ಕೊಚ್ಚೆಯಾದಾಗಲೂ ಹೀಗೆಯೇ ಆಯಿತು. ಅಲಯನ್ಸ್ ಏನೂ ಮಾಡಲಿಲ್ಲವೆಂದಲ್ಲ. ದಕ್ಷಿಣ ಬ್ಯಾರೆನ್ಸ್‌ನ ಟೌರಾಹೋ ಶಿಬಿರವನ್ನು ಸುಟ್ಟದ್ದು ಅವರೇ. ಆದರೆ ಆಟ ಅದನ್ನು ಒಂದು ಕ್ಷೇತ್ರದ ಮಟ್ಟದಲ್ಲಿಯೇ ಬಿಟ್ಟಿತು, ಅದು ಯಾವ ನಾಯಕನ ಹೆಗಲಿಗೂ ಹೊರೆಯಾಗಲಿಲ್ಲ.

2012ರಲ್ಲಿ ಗ್ಯಾರೋಶ್ ಅಲಯನ್ಸ್‌ನ ಮಾಂತ್ರಿಕೆ ಜೈನಾಳ ಥೆರಮೋರ್ ನಗರದ ಮೇಲೆ ಮಾನಾ ಬಾಂಬ್ ಹಾಕಿಸಿದ. 2013ರ ಸೆಪ್ಟೆಂಬರ್‌ನಲ್ಲಿ ಎರಡೂ ಬಣಗಳು ಹೋರ್ಡ್ ರಾಜಧಾನಿ ಆರ್ಗ್ರಿಮಾರ್‌ಗೆ ಮುತ್ತಿಗೆ ಹಾಕಿ ಅವನನ್ನು ಸೆರೆಹಿಡಿದವು. ಹೋರ್ಡ್ ಅನ್ನೇ ವಿಸರ್ಜಿಸಿಬಿಡಬೇಕೆಂದು ಜೈನಾ ಒತ್ತಾಯಿಸಿದರೂ ಅಲಯನ್ಸ್‌ನ ದೊರೆ ವೇರಿಯನ್ ಎಚ್ಚರಿಕೆಯ ಮಾತು ಹೇಳಿ ಸೇನೆಯನ್ನು ಹಿಂದಕ್ಕೆ ಕರೆದೊಯ್ದ. ಆ ದೃಶ್ಯ ಅಲಯನ್ಸ್ ಆಟಗಾರರಲ್ಲಿ ಉಳಿಸಿದ ಅಸಮಾಧಾನ ಇನ್ನೂ ಆರಿಲ್ಲ. ಗೆದ್ದವರು ಬರಿಗೈಯಲ್ಲಿ ಮನೆಗೆ ಹೋಗಬೇಕಾಯಿತು. ಹೋರ್ಡ್ ಆಟಗಾರರು ತಮ್ಮದೇ ರಾಜಧಾನಿಯನ್ನು ತಾವೇ ಮುತ್ತಬೇಕಾಯಿತು.

ಇದಕ್ಕೆ ಅಪವಾದವಾಗಿ ನಿಲ್ಲುವ, ಬಣಗಳ ಕಥೆಯನ್ನು ಹೇಗೆ ಹೇಳಬಹುದೆಂಬುದಕ್ಕೆ ನಾನು ಈಗಲೂ ತೋರಿಸುವ ಪ್ರಸಂಗವೊಂದಿದೆ. 2016ರ ‘ಲೀಜನ್’ನ ಆರಂಭದಲ್ಲಿ ಬ್ರೋಕನ್ ಶೋರ್ ಎಂಬಲ್ಲಿ ಎರಡೂ ಬಣಗಳು ಒಟ್ಟಿಗೆ ದೈತ್ಯಸೇನೆಯನ್ನು ಎದುರಿಸುತ್ತವೆ. ಕೆಳಗೆ ನಿಂತ ಅಲಯನ್ಸ್ ಆಟಗಾರನಿಗೆ ಕಾಣುವುದು ಇಷ್ಟೇ: ಮೇಲಿನ ದಿಬ್ಬದಲ್ಲಿದ್ದ ಹೋರ್ಡ್ ನಾಯಕಿ ಸಿಲ್ವಾನಸ್ ತನ್ನ ಪಡೆಯೊಂದಿಗೆ ಹಿಂದೆ ಸರಿದಳು, ಅದರಿಂದ ವೇರಿಯನ್ ಸತ್ತ. ದಿಬ್ಬದ ಮೇಲಿದ್ದ ಹೋರ್ಡ್ ಆಟಗಾರನಿಗೆ ಹಿಂದಿನಿಂದ ನುಗ್ಗಿದ ಶತ್ರುಗಳು, ಮರಣಾಂತಿಕವಾಗಿ ಗಾಯಗೊಂಡ ವಾರ್‌ಚೀಫ್ ವೊಲ್ಜಿನ್, ಹಿಂದೆ ಸರಿಯದೆ ಬೇರೆ ದಾರಿಯಿಲ್ಲದ ಪರಿಸ್ಥಿತಿ ಎಲ್ಲವೂ ಕಾಣುತ್ತವೆ. ಒಂದೇ ಗಳಿಗೆ, ಎರಡು ಸತ್ಯ, ಯಾರೂ ಸುಳ್ಳುಗಾರರಲ್ಲ. ಇಬ್ಬರಿಗೂ ತಮ್ಮ ಕೋಪ ನ್ಯಾಯವೆಂದೇ ಅನಿಸುವಂತೆ ಮಾಡಿದ ಆ ಅರ್ಧ ಗಂಟೆ ವೊಲ್ಜಿನ್‌ನ ಅಂತ್ಯದ ಅವಸರವನ್ನೂ ಬಹಳ ಮಟ್ಟಿಗೆ ಮುಚ್ಚಿತು.

ಹಾಗೆ ಸಿಕ್ಕಿದ ಬಂಡವಾಳವನ್ನು ಎರಡೇ ವರ್ಷಗಳಲ್ಲಿ ಕರಗಿಸಲಾಯಿತು. 2018ರ ಆಗಸ್ಟ್ 14ರಂದು ಬಂದ ‘ಬ್ಯಾಟಲ್ ಫಾರ್ ಅಝೆರಾತ್’ ಬಣಗಳ ಯುದ್ಧವನ್ನೇ ತಿರುಳಾಗಿಟ್ಟುಕೊಂಡ ಎಕ್ಸ್‌ಪ್ಯಾನ್ಷನ್. ಲೆಕ್ಕದ ಸಮತೋಲನ ಅದರಷ್ಟು ಚೊಕ್ಕವಾಗಿ ಬೇರಾವುದರಲ್ಲೂ ಇರಲಿಲ್ಲ: ಅಲಯನ್ಸ್‌ಗೆ ಕುಲ್ ಟಿರಸ್‌ನ ಮೂರು ಕ್ಷೇತ್ರಗಳು, ಹೋರ್ಡ್‌ಗೆ ಜಂಡಲಾರ್‌ನ ಮೂರು, ಒಬ್ಬರು ಟೆಲ್‌ಡ್ರಸಿಲ್ ಕಳೆದುಕೊಂಡರೆ ಇನ್ನೊಬ್ಬರು ಅಂಡರ್‌ಸಿಟಿ ಎಂಬ ನಗರವನ್ನು ಕಳೆದುಕೊಳ್ಳುತ್ತಾರೆ. ಆದರೆ ಟೆಲ್‌ಡ್ರಸಿಲ್ ಎಂಬ ಮಹಾವೃಕ್ಷವನ್ನು ಅದರ ಮೇಲಿದ್ದ ನೈಟ್ ಎಲ್ಫ್ ನಾಗರಿಕರ ಸಮೇತ ಸುಟ್ಟದ್ದು ಆಗ ಹೋರ್ಡ್‌ನ ವಾರ್‌ಚೀಫ್ ಆಗಿದ್ದ ಸಿಲ್ವಾನಸ್. ಅಂಡರ್‌ಸಿಟಿಯಲ್ಲಿ ವಿಷ ಹರಿಸಿ ಅದನ್ನು ಬದುಕಲಾಗದ ನೆಲವಾಗಿಸಿದ್ದೂ ಅವಳೇ. ಹೀಗೆ ಎರಡು ನಷ್ಟಗಳಿಗೂ ಒಂದೇ ಕೈ ಕಾರಣವಾಯಿತು. ಬಣಕ್ಕಾಗಿ ದಂಡೆತ್ತಿಹೋದ ಹೋರ್ಡ್ ಆಟಗಾರನಿಗೆ ತಾನು ನರಮೇಧದ ಪಾಲುದಾರನೆಂದು ತಿಳಿಯುವುದು ಮರ ಹೊತ್ತಿಕೊಂಡ ಮೇಲೆ, ಬೇಡವೆನ್ನುವ ಅವಕಾಶವಿಲ್ಲದೆ. ಅಲಯನ್ಸ್ ಆಟಗಾರನಿಗೆ ಕೊಟ್ಟದ್ದು ಉರಿಯುವ ನಗರದಲ್ಲಿ ಕೆಲವು ನಿಮಿಷಗಳೊಳಗೆ ಆದಷ್ಟು ಜನರನ್ನು ಉಳಿಸುವ, ಎಷ್ಟು ಓಡಿದರೂ ಪೂರೈಸಲಾಗದ ಕ್ವೆಸ್ಟ್.

ಕೌಶಲವೇನೂ ಕಡಿಮೆಯಿರಲಿಲ್ಲ ಎಂಬುದಕ್ಕೆ 2019ರ ಜನವರಿಯ ದಝರಲೋರ್ ರೇಡ್ (ಹಲವರು ತಂಡ ಕಟ್ಟಿ ಆಡುವ ದೊಡ್ಡ ಕಾಳಗ) ಸಾಕ್ಷಿ. ಅಲಯನ್ಸ್ ಸೇನೆ ಟ್ರೋಲ್ ದೊರೆ ರಸ್ತಖಾನ್‌ನನ್ನು ಅವನ ಅರಮನೆಯಲ್ಲಿಯೇ ಕೊಲ್ಲುವ ಆ ಭಾಗವನ್ನು ಆಡಲು ಹೋರ್ಡ್ ಆಟಗಾರರು ತಾತ್ಕಾಲಿಕವಾಗಿ ಅಲಯನ್ಸ್ ರೂಪ ತಾಳುತ್ತಿದ್ದರು. ತಮ್ಮ ಮಿತ್ರನನ್ನು ಶತ್ರುವಿನ ಕೈಯಿಂದ ತಾವೇ ಕೊಲ್ಲಬೇಕಿತ್ತು. ಇಂಥ ಧೈರ್ಯ ಮಾಡಿದ ಬರಹಗಾರರೇ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೋರ್ಡ್‌ನದೇ ಸೇನಾನಿ ಸೌರ್‌ಫಾಂಗ್ ಮತ್ತು ಸಿಲ್ವಾನಸ್‌ರ ದ್ವಂದ್ವಯುದ್ಧದ ಒಂದು ಸಿನಿಮ್ಯಾಟಿಕ್ ಕಿರುಚಿತ್ರದಲ್ಲಿ ಇಡೀ ಯುದ್ಧವನ್ನು ಮುಗಿಸಿದರು. ಆ ವೃದ್ಧ ಓರ್ಕ್ ಸತ್ತ, ಸಿಲ್ವಾನಸ್ ಹಾರಿಹೋದಳು, ಹೋರ್ಡ್‌ಗೆ ವಾರ್‌ಚೀಫ್ ಬದಲು ಮಂಡಳಿ ಬಂತು, ಕದನವಿರಾಮವಾಯಿತು. ನೈಟ್ ಎಲ್ಫ್‌ಗಳ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಅದು ಚುಕ್ತಾ ಆಗಬೇಕಾದದ್ದು 2020ರ ‘ಶ್ಯಾಡೋಲ್ಯಾಂಡ್ಸ್’ನಲ್ಲಿ, ಅಲ್ಲಿ ಸಿಲ್ವಾನಸ್‌ಳ ಆತ್ಮವೇ ಎರಡಾಗಿ ಒಡೆದಿತ್ತೆಂಬ ವಿವರಣೆ ಬಂದು, ನೈಟ್ ಎಲ್ಫ್‌ಗಳ ನಾಯಕಿ ಟಿರಾಂಡೆಯ ತೀರ್ಪಿನಂತೆ ಅವಳು ನರಕದಲ್ಲಿ ಸಿಕ್ಕಿಬಿದ್ದ ಆತ್ಮಗಳನ್ನು ಬಿಡಿಸುವ ಪ್ರಾಯಶ್ಚಿತ್ತಕ್ಕೆ ಹೊರಟಳು. ನ್ಯಾಯ ಕೇಳಿದವರಿಗೆ ತತ್ತ್ವಶಾಸ್ತ್ರ ಸಿಕ್ಕಿತು.

ಇದಾದ ಮೇಲೆ ಸಂಸ್ಥೆ ಬಣಗಳ ವಿಷಯದಿಂದಲೇ ಮೆಲ್ಲಗೆ ದೂರ ಸರಿಯಿತು. 2022ರ ಮೇ 31ರ ಪ್ಯಾಚ್ ಎಂಬ ಪರಿಷ್ಕರಣೆಯಿಂದ ಎರಡೂ ಬಣದವರು ಒಂದೇ ತಂಡದಲ್ಲಿ ರೇಡ್ ಆಡುವಂತಾಯಿತು, 2023ರ ಮೇ ತಿಂಗಳಲ್ಲಿ ಒಂದೇ ಗಿಲ್ಡ್ (ಆಟಗಾರರ ಕಾಯಂ ಸಂಘ) ಸೇರುವಂತಾಯಿತು. ಉನ್ನತ ಮಟ್ಟದ ರೇಡ್ ಆಡುವವರೆಲ್ಲ ಹೋರ್ಡ್‌ಗೆ ವಾಲಿ, ಅಲಯನ್ಸ್‌ನಲ್ಲಿ ತಂಡ ಕಟ್ಟುವುದೇ ಕಷ್ಟವಾಗಿದ್ದುದರಿಂದ ಇದು ಅನಿವಾರ್ಯವೂ ಆಗಿತ್ತು. ಹೊಸದಾಗಿ ಬಂದ ಡ್ರಾಕ್ತಿರ್, ಅರ್ದನ್, ಈಗ ‘ಮಿಡ್‌ನೈಟ್’ನ ಹರನೀರ್ ಎಲ್ಲರೂ ಎರಡೂ ಬಣಗಳಿಗೆ ಸಲ್ಲುವ ಜನಾಂಗಗಳು. ಹಳೆಯ ಸಾಲಗಳನ್ನು ತಡವಾಗಿಯಾದರೂ ತೀರಿಸಲಾಯಿತು: 2023ರ ನವೆಂಬರ್‌ನಲ್ಲಿ ನೈಟ್ ಎಲ್ಫ್‌ಗಳಿಗೆ ಅಮಿರ್‌ಡ್ರಸಿಲ್ ಎಂಬ ಹೊಸ ವೃಕ್ಷ ಸಿಕ್ಕಿತು, 2024ರ ಜನವರಿಯಲ್ಲಿ ಗಿಲ್ನಿಯಸ್ ಮರಳಿ ಕೈಸೇರಿತು. ಹದಿಮೂರು ವರ್ಷ ಕಾದ ಗಿಲ್ನಿಯಸ್‌ನ ಮರುವಶ ಒಂದು ಸಂಜೆಯೊಳಗೆ ಆಡಿ ಮುಗಿಸುವಷ್ಟು ಪುಟ್ಟದಾಗಿತ್ತು ಎಂಬ ಗೊಣಗಾಟ ಕೇಳಿಬಂದದ್ದರಲ್ಲಿ ತಪ್ಪೇನಿಲ್ಲ.

ಬಣಯುದ್ಧ ನಿಂತಾಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 2023ರ ನವೆಂಬರ್‌ನಲ್ಲಿ ಬ್ಲಿಝರ್ಡ್‌ನ ಕ್ರಿಸ್ ಮೆಟ್ಝೆನ್ ಘೋಷಿಸಿದ ಮೂರು ಎಕ್ಸ್‌ಪ್ಯಾನ್ಷನ್‌ಗಳ ಸರಣಿಯಲ್ಲಿ ಮೊದಲನೆಯದಾದ ‘ದಿ ವಾರ್ ವಿದಿನ್’ 2024ರ ಆಗಸ್ಟ್ 26ರಂದು ಬಂದಾಗ ಮುಖ್ಯ ಕಥೆಯ ಭಾರ ಹೊತ್ತವರು ಅಂಡುಯಿನ್ ಮತ್ತು ಅಲೇರಿಯಾ, ಇಬ್ಬರೂ ಅಲಯನ್ಸ್‌ನವರು. ಥ್ರಾಲ್ ಆರಂಭದಲ್ಲಿ ಕಾಣಿಸಿಕೊಂಡು ಹಿಂದಕ್ಕೆ ಸರಿದ. 2025ರ ಫೆಬ್ರವರಿಯ ಪ್ಯಾಚ್‌ನಲ್ಲಿ ಗಾಬ್ಲಿನ್‌ಗಳ ನಗರ ಬಂದದ್ದು ಹೋರ್ಡ್‌ಗೆ ತುಸು ಉಸಿರು ಕೊಟ್ಟಿತು. ಬಣಗಳಿಲ್ಲದ ಕಥೆಯೆಂದು ಕರೆದುಕೊಂಡದ್ದು ವಾಸ್ತವದಲ್ಲಿ ಮನುಷ್ಯರ ಮತ್ತು ಎಲ್ಫ್‌ಗಳ ಕಥೆಯಾಗುತ್ತಿದೆ ಎಂಬ ಹೋರ್ಡ್ ಆಟಗಾರರ ದೂರನ್ನು ನಾನು ತಳ್ಳಿಹಾಕಲಾರೆ. ಎರಡು ದಶಕ ಒಂದು ಬಣದ ನಾಯಕರನ್ನು ಒಬ್ಬರಾದ ಮೇಲೊಬ್ಬರಂತೆ ಖಳರನ್ನಾಗಿಸಿ ಇಳಿಸಿದ ಮೇಲೆ, ಸಂಧಿಯ ಮೇಜಿನ ಮುಂದೆ ಕೂರಿಸಲು ಆ ಕಡೆಯ ಹಿರಿಯರೇ ಹೆಚ್ಚು ಉಳಿದಿರುವುದಿಲ್ಲ.

ಈ ಹಿನ್ನೆಲೆಯಲ್ಲಿ ಕೆಲ್ಥಲಾಸ್‌ನ ಆಯ್ಕೆ ಜಾಣತನದ್ದೂ ಹೌದು, ಅಪಾಯದ್ದೂ ಹೌದು. ‘ಮಿಡ್‌ನೈಟ್’ನ ಖಳನಾಯಕಿ ಝಲಟಾತ್, ಸನ್‌ವೆಲ್ ಎಂಬ ಪವಿತ್ರ ಚಿಲುಮೆಯ ಮೇಲೆ ಬೀಳುವಾಗ ಅದನ್ನು ಕಾಯುವ ಲೋರ್‌ಥೆಮಾರ್ ಮತ್ತು ಲಿಯಾಡ್ರಿನ್ ಹೋರ್ಡ್‌ನವರು. ನೆರವಿಗೆ ಬರುವ ಅಲೇರಿಯಾ ಅದೇ ಊರಿನವಳು, ಆದರೆ ಅಲಯನ್ಸ್‌ನವಳು. ಅವಳ ಮಗ ಅರಟೋರ್ ಅರ್ಧ ಎಲ್ಫ್, ಅರ್ಧ ಮನುಷ್ಯ. 2018ರಲ್ಲಿ ಅಲಯನ್ಸ್ ಸೇರಿದ ವಾಯ್ಡ್ ಎಲ್ಫ್‌ಗಳು ಈ ನಗರದಿಂದಲೇ ಗಡೀಪಾರಾದವರು. ಎರಡೂ ಬಣದ ಆಟಗಾರನಿಗೆ ‘ನಮ್ಮವರು’ ಎನ್ನಲು ಯಾರಾದರೂ ಇರುವ, ಹಾಗಿದ್ದೂ ಹಳೆಯ ನೋವು ಮಾಯದ ಇಂಥ ನೆಲ ಆಟದ ಲೋಕವಾದ ಅಝೆರಾತ್‌ನಲ್ಲಿ ಇನ್ನೊಂದಿರಲಾರದು. ನಗರದ ಒಂದು ಪಾಲನ್ನು ಹೋರ್ಡ್‌ಗೇ ಉಳಿಸಿರುವುದರಿಂದ, ಮನೆ ಕಟ್ಟಿಕೊಳ್ಳುವ ಹೊಸ ಸೌಲಭ್ಯದಲ್ಲಿ ಬಣಕ್ಕೊಂದರಂತೆ ಎರಡು ಬಡಾವಣೆಗಳನ್ನು ಮಾಡಿರುವುದರಿಂದ, ಗೋಡೆಯನ್ನು ಪೂರ್ತಿ ಕೆಡವುವ ಮನಸ್ಸು ಸಂಸ್ಥೆಗೂ ಇದ್ದಂತಿಲ್ಲ.

ಆದರೂ ಪರೀಕ್ಷೆ ನಡೆಯುವುದು ಸಿಲ್ವರ್‌ಮೂನ್‌ನಲ್ಲಿ ಅಲ್ಲ, ಅದರ ಪಕ್ಕದ ಝುಲ್‌ಅಮಾನ್‌ನಲ್ಲಿ ಎಂದು ನನ್ನ ಎಣಿಕೆ. ಅಲ್ಲಿನ ಅಮಾನಿ ಟ್ರೋಲ್‌ಗಳು ಎಲ್ಫ್‌ಗಳು ಬರುವ ಮೊದಲೇ ಆ ನೆಲದಲ್ಲಿದ್ದವರು. ಅವರ ನಾಯಕ ಝುಲ್‌ಜಿನ್ ಎರಡನೆಯ ವಾರ್‌ಕ್ರಾಫ್ಟ್‌ನಲ್ಲಿ ಹಳೆಯ ಹೋರ್ಡ್‌ನ ಪರವಾಗಿ ಹೋರಾಡಿದವನು. ತನ್ನ ಕುಲವೈರಿಗಳನ್ನು ಹೋರ್ಡ್ ಬರಮಾಡಿಕೊಂಡಿತೆಂಬ ಸಿಟ್ಟಿನಲ್ಲಿಯೇ ಇದ್ದ ಅವನನ್ನು 2007ರ ರೇಡ್‌ನಲ್ಲಿ ಎರಡೂ ಬಣದ ಆಟಗಾರರು ಕೊಂದು ಲೂಟಿ ಹಂಚಿಕೊಂಡರು. ಈಗ ಅವನ ಜನರ ಊರಿಗೆ ಅದೇ ಆಟಗಾರರು ಸನ್‌ವೆಲ್‌ನ ರಕ್ಷಕರಾಗಿ ಹೋಗುತ್ತಿದ್ದಾರೆ, ಅವರಲ್ಲಿ ಹೋರ್ಡ್‌ನ ಟ್ರೋಲ್‌ಗಳೂ ಇದ್ದಾರೆ.