ಸ್ಲ್ಯಾಬ್‌ನಲ್ಲಿ ಅಡಗಿದ ವೈರು, ಸುಮ್ಮನಿರುವ ಟೆಸ್ಟರ್

ಮಳೆಗಾಲಕ್ಕೆ ಮುಂಚೆ ನಮ್ಮ ಯುಟಿಲಿಟಿಯ ಸೀಲಿಂಗಿಗೆ ಬಟ್ಟೆ ಒಣಗಿಸುವ ರಾಟೆ ಹ್ಯಾಂಗರ್ ಹಾಕಲು ಬಂದಿದ್ದ ಯುವಕ, ಪೆನ್ನಿನಂಥ ಟೆಸ್ಟರನ್ನು ಸೀಲಿಂಗಿನ ಉದ್ದಕ್ಕೂ ಆಡಿಸಿ, ಅದು ಎಲ್ಲೂ ಬೀಪ್ ಎನ್ನದ್ದನ್ನು ಕಂಡು, ‘ಇಲ್ಲಿ ವೈರಿಲ್ಲ ಸಾರ್, ಧೈರ್ಯವಾಗಿ ತೂತು ಹೊಡೀಬಹುದು’ ಎಂದ. ಆಗ ಯುಟಿಲಿಟಿಯ ದೀಪ ಆರಿತ್ತು. ಸ್ವಿಚ್ ಹಾಕಿ ಮತ್ತೊಮ್ಮೆ ನೋಡಪ್ಪ ಎಂದೆ. ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದ ನಾಲ್ಕು ಜಾಗಗಳಲ್ಲಿ ಸ್ವಿಚ್‌ಬೋರ್ಡಿನ ನೇರಕ್ಕೆ, ಗೋಡೆಯ ಅಂಚಿನಲ್ಲಿದ್ದ ಗುರುತಿನ ಬಳಿ ಪೆನ್ನು ಕೂಗತೊಡಗಿತು.

ಟೆಸ್ಟರ್ ವೈರನ್ನು ಹುಡುಕುತ್ತದೆ ಎಂಬುದು ನಮ್ಮಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಅದಕ್ಕೆ ತಾಮ್ರದ ತಂತಿ ಕಾಣುವುದಿಲ್ಲ. ತಂತಿಯ ಸುತ್ತ ಹರಡಿರುವ, ಸೆಕೆಂಡಿಗೆ 50 ಆವರ್ತನೆಗಳಂತೆ ಹಿಂದುಮುಂದಾಗುವ ವಿದ್ಯುತ್ ಕ್ಷೇತ್ರವಷ್ಟೇ ಅದಕ್ಕೆ ತಿಳಿಯುತ್ತದೆ. ಅಟ್ಟದ ಮೇಲೆ ಗೋಣಿ ಮುಚ್ಚಿಟ್ಟ ಹಲಸಿನ ಹಣ್ಣು ಕಣ್ಣಿಗೆ ಬೀಳದಿದ್ದರೂ ವಾಸನೆಯಿಂದ ತನ್ನ ಇರವನ್ನು ಸಾರುತ್ತದೆಯಲ್ಲ, ಹಾಗೆ. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ, ಮನೆಯ ಮುಂದೆ ಲಾರಿಯೊಂದು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದೆ ಎಂದುಕೊಳ್ಳಿ. ಲಾರಿ ಚಲಿಸದಿದ್ದರೂ ಅಡುಗೆಮನೆಯ ಸ್ಟೀಲ್ ಲೋಟಗಳು ಕಿಣಿಗುಟ್ಟುತ್ತವೆ. ಫೇಸ್ ವೈರಿನಲ್ಲಿ ಕರೆಂಟು ಹರಿಯದಿದ್ದರೂ 230 ವೋಲ್ಟ್ ಇದ್ದರೆ ಸಾಕು, ಪೆನ್ನು ಕೂಗುತ್ತದೆ. ಎಂಜಿನ್ ಆರಿಸಿದರೆ ಲೋಟಗಳು ಸುಮ್ಮನಾಗುತ್ತವೆ, ಆದರೆ ಲಾರಿ ಅಲ್ಲೇ ನಿಂತಿರುತ್ತದೆ. ಸ್ವಿಚ್ ಆರಿಸಿದಾಗ ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ವೈರಿನ ಸ್ಥಿತಿ ಇದೇ. ಆದ್ದರಿಂದ ಹುಡುಕುವಾಗ ಮನೆಯ ಫ್ಯಾನು, ದೀಪಗಳೆಲ್ಲ ಆನ್ ಆಗಿರಬೇಕು.

ಹಾಗೆಂದು ಎಲ್ಲವನ್ನೂ ಹಾಕಿಕೊಂಡು ಹುಡುಕಿದರೂ ಟೆಸ್ಟರಿನ ಮೌನವನ್ನು ನಂಬುವಂತಿಲ್ಲ. ಸೀಲಿಂಗಿನ ಕಾಂಕ್ರೀಟಿನಲ್ಲಿ ವೈರಿಗಿಂತ ಕೆಳಗೆ, ಅಂದರೆ ವೈರಿಗೂ ನಮಗೂ ನಡುವೆ, ಕಬ್ಬಿಣದ ಕಂಬಿಗಳ ಜಾಲವಿದೆ. ಲೋಹದ ಪಂಜರವು ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆಂದು ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದರು. ನಮ್ಮ ಸ್ಲ್ಯಾಬಿನದು ಅಗಲ ಕಣ್ಣಿನ ಅರೆಬರೆ ಪಂಜರವಾದರೂ ಕ್ಷೇತ್ರದ ಒಂದು ಪಾಲನ್ನು ಅದು ನುಂಗಿಬಿಡುತ್ತದೆ. ಕಾಂಕ್ರೀಟು ತೇವಗೊಂಡಿದ್ದರೆ ತೊಂದರೆ ತಿರುಗುಮುರುಗಾಗಿ, ಸಂಕೇತ ಎಲ್ಲೆಡೆ ಹರಡಿಕೊಂಡು ಇಡೀ ಸೀಲಿಂಗೇ ಬೀಪ್ ಎನ್ನಬಹುದು.

ಲೋಹ ಪತ್ತೆ ಮಾಡುವ ಡಿಟೆಕ್ಟರ್ ತಂದರೆ ಆಯಿತಲ್ಲ ಎನ್ನುವವರಿಗೆ 1881ರ ಒಂದು ಪ್ರಸಂಗವನ್ನು ಹೇಳಬೇಕು. ಆ ವರ್ಷದ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿಸಲಾಯಿತು. ದೇಹದೊಳಗೆ ಉಳಿದ ಗುಂಡನ್ನು ಹುಡುಕಲು ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್, ತಂತಿಸುರುಳಿಗಳಿದ್ದ ಉಪಕರಣವೊಂದನ್ನು ಸಿದ್ಧಪಡಿಸಿ ತಂದರು. ಲೋಹ ಹತ್ತಿರ ಬಂದರೆ ಅದಕ್ಕೆ ಜೋಡಿಸಿದ ಟೆಲಿಫೋನಿನಲ್ಲಿ ಸದ್ದು ಕೇಳುತ್ತಿತ್ತು. ಬೇರೆಡೆ ಚೆನ್ನಾಗಿಯೇ ಕೆಲಸ ಮಾಡಿದ ಉಪಕರಣ ಅಧ್ಯಕ್ಷರ ಮಂಚದ ಬಳಿ ಗೊಂದಲಕ್ಕೀಡಾಯಿತು. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳೇ ಅದಕ್ಕೆ ಕಾರಣವೆನ್ನುತ್ತಾರೆ. ಮೇಲಾಗಿ, ಗುಂಡು ಬಲಕ್ಕಿದೆಯೆಂದು ವೈದ್ಯರು ಹಟ ಹಿಡಿದು ಆ ಭಾಗವನ್ನಷ್ಟೇ ಹುಡುಕಿಸಿದರು. ಅದು ಇದ್ದದ್ದು ಎಡಕ್ಕೆ. ಗಾರ್ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡರು. ಕಂಬಿಗಳು ಅಡ್ಡಡ್ಡ ಉದ್ದುದ್ದ ಹೆಣೆದುಕೊಂಡಿರುವ ಸ್ಲ್ಯಾಬಿನ ಕೆಳಗೆ ಅಗ್ಗದ ಡಿಟೆಕ್ಟರ್ ಹಿಡಿದು ನಿಲ್ಲುವವರ ಪಾಡೂ ಆ ಮಂಚದ ಬಳಿ ನಿಂತ ಬೆಲ್‌ ಅವರದ್ದೇ.

ಹೀಗಾಗಿ, ಸೀಲಿಂಗ್ ಹುಟ್ಟಿದ ದಿನವನ್ನು ಬಲ್ಲವರಿಗೆ ಯಂತ್ರಕ್ಕಿಂತ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಮೋಲ್ಡ್ ಹಾಕುವ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ, ಹಿಂದಿನ ದಿನ ಸೆಂಟ್ರಿಂಗ್ ಹಲಗೆಗಳ ಮೇಲೆ ಹತ್ತಿ ನೋಡಿ. ಹಲಗೆಯ ಮೇಲೆ ಸಾಮಾನ್ಯವಾಗಿ 20 ಮಿ.ಮೀ. ಎತ್ತರದ ಕವರ್ ಬ್ಲಾಕುಗಳು, ಅವುಗಳ ಮೇಲೆ ಎರಡು ಸಾಲು ಕಂಬಿಗಳು, ಆ ಕಂಬಿಗಳ ಮೇಲೆ ಬೈಂಡಿಂಗ್ ವೈರಿನಿಂದ ಬಿಗಿದ, ಕರೆಂಟಿನ ವೈರು ಹಾಯುವ ಪಿವಿಸಿ ಪೈಪು. ಎಲೆಕ್ಟ್ರಿಷಿಯನ್ ಫ್ಯಾನ್ ಬಾಕ್ಸಿನೊಳಗೆ ಸಿಮೆಂಟ್ ಹಾಲು ಇಳಿಯದಿರಲೆಂದು ಹಳೆಯ ಪೇಪರು ತುರುಕುತ್ತಾನೆ. ಕಂಬಿ ತಲಾ 8 ಮಿ.ಮೀ. ಎಂದುಕೊಂಡರೂ ಪೈಪಿನ ತಳ ಕಾಂಕ್ರೀಟಿನ ಕೆಳಮೈಯಿಂದ ಸುಮಾರು 36 ಮಿ.ಮೀ. ಮೇಲಿರುತ್ತದೆ, ಆಮೇಲೆ ಬಳಿಯುವ ಪ್ಲಾಸ್ಟರಿಂಗ್ ಬೇರೆ.

ಆದರೆ ಈ ಲೆಕ್ಕ ಎರಡು ಕಡೆ ಕೈಕೊಡುತ್ತದೆ. ಫ್ಯಾನ್ ಬಾಕ್ಸು ಹಲಗೆಗೆ ಅಂಟಿಕೊಂಡೇ ಕೂರುವುದರಿಂದ ಅದರ ಪಕ್ಕಕ್ಕೆ ಸೇರುವ ಪೈಪು ಕೆಳಕ್ಕೆ ಬಾಗುತ್ತದೆ. ಸ್ವಿಚ್‌ಬೋರ್ಡಿನ ನೇರಕ್ಕೆ ಗೋಡೆಯ ಅಂಚಿನಲ್ಲಿ ಪೈಪು ಸ್ಲ್ಯಾಬನ್ನು ಬಿಟ್ಟು ಕೆಳಗಿಳಿಯುತ್ತದೆ. ನಮ್ಮ ಪೆನ್ನು ಕೂಗಿದ್ದು ಈ ಎರಡನೆಯ ಜಾಗದಲ್ಲಿ. ಗೋಡೆಯಲ್ಲಾದರೆ ವೈರು ಬೋರ್ಡಿನಿಂದ ನೆಟ್ಟಗೆ ಮೇಲಕ್ಕೋ ಅಡ್ಡಕ್ಕೋ ಹೋಗುತ್ತದೆಂದು ಊಹಿಸಬಹುದು. ಸೀಲಿಂಗಿನಲ್ಲಿ ಆ ಶಿಸ್ತಿಲ್ಲ; ಪೈಪು ಉಳಿಯಲೆಂದು ಬಾಕ್ಸಿನಿಂದ ಬಾಕ್ಸಿಗೆ ಓರೆಯಾಗಿಯೇ ಎಳೆದಿರುತ್ತಾರೆ. ಮನೆ ಕಟ್ಟಿಸುತ್ತಿರುವವರು ಕಾಂಕ್ರೀಟ್ ಸುರಿಯುವ ಮುಂಚೆ ಅಳತೆ ಟೇಪು ಹಾಸಿ ನಾಲ್ಕು ಫೋಟೊ ತೆಗೆದಿಟ್ಟರೆ, ಮುಂದೆ ಯಾವ ಡಿಟೆಕ್ಟರೂ ಅದಕ್ಕೆ ಸಾಟಿಯಾಗದು. ಜಿಪ್ಸಮ್ ಫಾಲ್ಸ್ ಸೀಲಿಂಗಿನ ಕಥೆ ಬೇರೆ. ಅಲ್ಲಿ ವೈರು ಹಲಗೆಯ ಮೇಲೆ ಸಡಿಲವಾಗಿ ಬಿದ್ದಿರಬಹುದಾದ್ದರಿಂದ ದೀಪದ ತೂತಿನಿಂದ ಟಾರ್ಚ್ ಬಿಟ್ಟು ನೋಡಿಯೇ ಮುಂದುವರಿಯಬೇಕು.

ತೂತು ಹೊಡೆಯುವಾಗ ಮಾತ್ರ ಕರೆಂಟು ಪೂರ್ತಿ ಹೋಗಿರಬೇಕು, ಮತ್ತು ನಮ್ಮ ಮನೆಗಳಲ್ಲಿ ಎಡವುವುದು ಇಲ್ಲಿಯೇ. ಮೇನ್ ಸ್ವಿಚ್ ಆರಿಸಿದ ಮರುಕ್ಷಣ ಯುಪಿಎಸ್ ಎಚ್ಚೆತ್ತು ಫ್ಯಾನು, ದೀಪಗಳ ಲೈನಿಗೆ, ಅಂದರೆ ನಾವು ಕೊರೆಯಲು ಹೊರಟ ಸೀಲಿಂಗಿನ ಲೈನಿಗೇ, ಮತ್ತೆ 230 ವೋಲ್ಟ್ ಕೊಡುತ್ತದೆ. ಅದನ್ನೂ ಆರಿಸಿ, ಯಾವ ದೀಪವೂ ಹೊತ್ತುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎಂಸಿಬಿ ಇದೆಯಲ್ಲ ಎನ್ನಬೇಡಿ. ಅದು ವೈರು ಸುಡದಂತೆ ಕಾಯುತ್ತದೆಯೇ ಹೊರತು ಮನುಷ್ಯನನ್ನಲ್ಲ. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಲೈನು ಕಡಿಯುವ ಆರ್‌ಸಿಸಿಬಿಯ ಕೆಲಸ ಅದು.

ನಾವು ಪಕ್ಕದ ಮನೆಯಿಂದ ಎಕ್ಸ್‌ಟೆನ್ಷನ್ ಎಳೆದು, ಡ್ರಿಲ್ ಬಿಟ್ಟಿಗೆ ತುದಿಯಿಂದ 30 ಮಿ.ಮೀ. ಬಿಟ್ಟು ಇನ್ಸುಲೇಷನ್ ಟೇಪು ಸುತ್ತಿದೆವು. ಅಷ್ಟು ಆಳ ಬಟ್ಟೆ ಹ್ಯಾಂಗರಿನ ಪ್ಲಗ್ಗಿಗೆ ಸಾಕು; ಉಯ್ಯಾಲೆಗೆ ಸಾಲದು, ಅದರ ಉದ್ದನೆಯ ಬೋಲ್ಟು ಪೈಪಿನ ಮಟ್ಟಕ್ಕೇ ಏರುತ್ತದೆ. ಡ್ರಿಲ್ ಬಿಟ್ ಥಟ್ಟನೆ ಹಿಡಿತ ತಪ್ಪಿ ಒಳಕ್ಕೆ ನುಗ್ಗಿದರೆ ಅಥವಾ ಬೂದು ಪುಡಿಯ ಜೊತೆ ಪ್ಲಾಸ್ಟಿಕ್ಕಿನ ಚೂರು ಉದುರಿದರೆ ಅಲ್ಲಿಗೇ ನಿಲ್ಲಿಸು ಎಂದು ಹುಡುಗನಿಗೆ ಹೇಳಿದ್ದೆ. ಎರಡನೆಯ ತೂತಿನಲ್ಲಿ ಡ್ರಿಲ್ ಬಿಟ್ ಕಂಬಿಗೆ ತಗುಲಿ ಕಿರುಗುಟ್ಟಿತು. ಒಂದಂಗುಲ ಪಕ್ಕಕ್ಕೆ ಸರಿದು ಮತ್ತೆ ಹೊಡೆದ. ಗೋಡೆಯಂಚಿನ ಗುರುತನ್ನು ಒಂದೂವರೆ ಅಡಿ ಈಚೆಗೆ ತಂದದ್ದರಿಂದ ಹ್ಯಾಂಗರ್ ಸ್ವಲ್ಪ ಓರೆಯಾಗಿ ಕೂತಿದೆ, ಬಟ್ಟೆಗಳೇನೋ ಒಣಗುತ್ತಿವೆ.