ಗೆರೆ ಬಟ್ಟೆ ಬೈಂಡಿಂಗ್‌ಗೂ ಓರೆ ಜಾಯಿಂಟೇ ಯಾಕ್ರೀ?

ಕ್ವಿಲ್ಟ್ ಅಂಚಿಗೆ ಸುತ್ತ ಮಡಚಿ ಹೊಲಿಯೋ ಬೈಂಡಿಂಗ್ ಪಟ್ಟಿನ ಓರೆಯಾಗಿ ಜಾಯಿಂಟ್ ಮಾಡಿ ಅಂತ ಯೂಟ್ಯೂಬಲ್ಲಿ ಹೇಳ್ಕೊಡೋದು ತಪ್ಪೇನಲ್ಲ, ಪ್ಲೇನ್ ಬಟ್ಟೆಗೆ, ಸಣ್ಣ ಹೂವಿನ ಪ್ರಿಂಟಿಗೆ ನಾನೂ ಹಾಗೇ ಮಾಡೋದು. ಓರೆ ಹಾಕಿದ್ರೆ ಪಟ್ಟಿ ಮಡಚಿದಾಗ ದಪ್ಪ ಎಲ್ಲಾ ಒಂದೇ ಕಡೆ ಕೂರಲ್ಲ, ಕಾರಣ ಅಷ್ಟೇ. ಆದ್ರೆ ನಮ್ಮ ಹಾಸನದಲ್ಲಿ ಕ್ಲಾಸಿಗೆ ಬರೋರು ಅದನ್ನೇ ವೇದವಾಕ್ಯ ಅಂದ್ಕೊಂಡು ಪಟಾಪಟಿ ಚಡ್ಡಿ ಬಟ್ಟೆಗೂ ಓರೆನೇ ಹೊಡ್ಕೊಂಡು ಬರ್ತಾರೆ, ಆಮೇಲೆ "ಅಕ್ಕ, ಇಲ್ಲಿ ಗೆರೆ ಯಾಕೋ ಮುರಿದ ಹಾಗಿದೆ ನೋಡಿ" ಅಂತಾರೆ. ಮುರಿಯದೆ ಇನ್ನೇನಾಗತ್ತಮ್ಮ.

ಗೆರೆ ಸಾಮಾನ್ಯವಾಗಿ ಬಟ್ಟೆ ಉದ್ದಕ್ಕೆ ಓಡತ್ತೆ. ನಾವು ಪನ್ನದ ಅಗಲಕ್ಕೆ, ಅಂದ್ರೆ ಬಟ್ಟೆಯ ಒಂದು ಅಂಚಿಂದ ಇನ್ನೊಂದು ಅಂಚಿಗೆ, ಎರಡೂವರೆ ಇಂಚಿನ ಪಟ್ಟಿ ಕತ್ತರಿಸಿದಾಗ ಆ ಗೆರೆಗಳು ಏಣಿ ಮೆಟ್ಟಿಲ ಥರ ಅಡ್ಡಡ್ಡ ಬೀಳ್ತವೆ, ಓರೆ ಹೊಲಿಗೆ ಅವನ್ನ ಅರ್ಧದಲ್ಲೇ ಮುರಿಯತ್ತೆ. ಇಂಥ ಪಟ್ಟಿಗೆ ನೇರ ಜಾಯಿಂಟ್ ಹಾಕಿ, ಎರಡು ಬಣ್ಣ ಸೇರೋ ಗೆರೆ ಮೇಲೇ ಹೊಲಿಗೆ ಓಡಿಸಿ, ಹಿಂದೆ ಮಾರ್ಜಿನ್ (ಹೊಲಿಗೆಯಿಂದ ಅಂಚಿನ ತನಕ ಉಳಿಯೋ ಕಾಲಿಂಚು ಬಟ್ಟೆ) ಬಿಡಿಸಿ ಎರಡೂ ಕಡೆಗೆ ಇಸ್ತ್ರಿ ಮಾಡಿ. ಸ್ವಲ್ಪ ದಪ್ಪ ಬರತ್ತೆ, ಬರಲಿ, ಮೂಲೆಗೆ ಬೀಳದ ಹಾಗೆ ನೋಡ್ಕೊಂಡ್ರೆ ಸಾಕು.

ಇಷ್ಟು ಎಲ್ಲರಿಗೂ ಅರ್ಥ ಆಗತ್ತೆ. ಅರ್ಥ ಆಗದೇ ಇರೋದು ಮುಂದಿಂದು, ಅದಕ್ಕೇ ಇದನ್ನ ಬರೀತಿರೋದು. ಗೆರೆ ಕೂಡಬೇಕಾಗಿರೋದು ಹೊಲಿಗೆ ಬೀಳೋ ಜಾಗದಲ್ಲಿ, ಕತ್ತರಿಸಿದ ಅಂಚಲ್ಲಲ್ಲ! ಒಂದೊಂದಿಂಚಿನ ಕೆಂಪು ಬಿಳಿ ಗೆರೆ ಅಂತಿಟ್ಕೊಳ್ಳಿ. ಮೊದಲನೇ ಪಟ್ಟಿ ಕೆಂಪಲ್ಲಿ ಮುಗೀಬೇಕು, ಆದ್ರೆ ಕತ್ತರಿ ಹಾಕೋದು ಕೆಂಪು ಮುಗಿದ ಮೇಲೆ ಕಾಲಿಂಚು ಬಿಳಿ ಒಳಗೆ. ಎರಡನೇದು ಬಿಳಿಯಿಂದ ಶುರು ಆಗ್ಬೇಕು, ಅದನ್ನ ಕತ್ತರಿಸೋದು ಬಿಳಿಗಿಂತ ಕಾಲಿಂಚು ಮೊದಲೇ, ಅಂದ್ರೆ ಅದರ ಹಿಂದಿನ ಕೆಂಪಲ್ಲಿ. ಈಗ ಒಳಮೈ ಹೊರಗೆ ಬರೋ ಹಾಗೆ ಒಂದರ ಮೇಲೊಂದು ಇಟ್ರೆ ಅಂಚಲ್ಲಿ ಬಿಳಿ ಎದುರಿಗೆ ಕೆಂಪು ಕಾಣತ್ತೆ, ಅದು ಸರಿ, ಹಾಗೇ ಇರ್ಬೇಕು. ಇಲ್ಲೇ ಎಲ್ಲರೂ ಗಾಬರಿ ಬೀಳೋದು. ಬಣ್ಣ ಕೂಡಲಿಲ್ಲ ಅಂತ ಗುಂಡುಸೂಜಿ ಕಿತ್ತು, ಎರಡೂ ತುದಿಲಿ ಪೂರ್ತಿ ಕೆಂಪು ಗೆರೆ ಬರೋ ಹಾಗೆ ಮತ್ತೆ ಕತ್ತರಿಸಿ, ಕೆಂಪಿಗೆ ಕೆಂಪು ಸೇರಿಸಿ ಹೊಲಿದು ಬಿಡಿಸಿ ನೋಡಿದ್ರೆ ಒಂದಿಂಚಿದ್ದ ಕೆಂಪು ಒಂದೂವರೆ ಇಂಚಾಗಿ ಕೂತಿರತ್ತೆ. ನಂಬಿಕೆ ಬರ್ಲಿಲ್ಲ ಅಂದ್ರೆ ಗುಂಡುಸೂಜಿನ ಬಣ್ಣ ಬದಲಾಗೋ ಗೆರೆ ಮೇಲೇ ಚುಚ್ಚಿ, ಕೆಳಗಿನ ಪಟ್ಟಿಲೂ ಅದೇ ಗೆರೆಲಿ ಹೊರಗೆ ಬಂತಾ ತಿರುಗಿಸಿ ನೋಡಿ. ಬಂದಿದ್ರೆ ಹೊಲೀರಿ, ಅಂಚನ್ನ ಮರೆತುಬಿಡಿ.

ಇನ್ನೊಂದು, ಕೆಂಪು ಹಳದಿ ಹಸಿರು ಅಂತ ಬಣ್ಣದ ಸರದಿ ಇರೋ ಬಟ್ಟೆ ಆದ್ರೆ ಒಂದು ಪಟ್ಟಿ ತಲೆಕೆಳಗಾದ್ರೂ ಸರದಿ ಉಲ್ಟಾ. ಕತ್ತರಿಸಿದ ತಕ್ಷಣ ಹಿಂಬದಿಗೆ ಚಾಕಲ್ಲಿ ಬಾಣದ ಗುರುತು ಹಾಕಿ.

ಕ್ರಾಸ್ ಪಟ್ಟಿ, ಅಂದ್ರೆ ಬಟ್ಟೆನ ಓರೆಯಾಗಿ ಕತ್ತರಿಸಿದ ಪಟ್ಟಿ, ಬೇರೆ ಕಥೆ. ಅದರಲ್ಲಿ ಗೆರೆನೇ ಓರೆ ಇರೋದ್ರಿಂದ ಜಾಯಿಂಟೂ ಓರೆನೇ, ತುದಿನ ಗೆರೆಗುಂಟ ಕತ್ತರಿಸಿ ಗೆರೆಗುಂಟ ಹೊಲಿದ್ರೆ ಎಲ್ಲಿ ಸೇರಿಸಿದ್ದು ಅಂತ ಹುಡುಕಬೇಕು. ಸಕಲೇಶಪುರ ಕಡೆಯ ಒಬ್ರು ಹೋಂಸ್ಟೇಗೆ ಅಂತ ಕ್ವಿಲ್ಟ್ ಹೊಲೀತಿದ್ರು, ಕತ್ತರಿ ಕೆಲಸ ಬೇಗ ಆಗ್ಲಿ ಅಂತ ಬಟ್ಟೆನ ಮಡಚಿಕೊಂಡು ಕ್ರಾಸ್ ಕತ್ತರಿಸಿಬಿಟ್ಟಿದ್ರು. ಮಡಚಿ ಕತ್ತರಿಸಿದ್ರೆ ಅರ್ಧ ಪಟ್ಟಿ ಬಲಕ್ಕೆ ವಾಲ್ತವೆ, ಅರ್ಧ ಎಡಕ್ಕೆ. ಜಾಯಿಂಟ್ ಆದ ಕಡೆಯೆಲ್ಲ ಗೆರೆ ಮೂತಿಗೆ ಮೂತಿ ತಿರುಗಿಸಿ ನಿಂತಿತ್ತು, ಪಾಪ ಕಣ್ಣಲ್ಲಿ ನೀರೇ ಬಂದಿತ್ತು ಅವ್ರಿಗೆ. ಅದೃಷ್ಟಕ್ಕೆ ಅದು ನೇಯ್ಗೆಲೇ ಗೆರೆ ಬಂದಿರೋ ಕೈಮಗ್ಗದ ಬಟ್ಟೆ, ಎರಡೂ ಮೈ ಒಂದೇ ಥರ. ಎಡಕ್ಕೆ ವಾಲಿದ್ದನ್ನೆಲ್ಲ ಮಗುಚಿ ಹಾಕಿ ಮತ್ತೆ ಹೊಲಿಸಿದೆ, ಎಲ್ಲಾ ಒಂದೇ ಕಡೆ ಬಂತು. ಪ್ರಿಂಟ್ ಬಟ್ಟೆ ಆಗಿದ್ರೆ ಹಿಂಬದಿ ಮಾಸಲು ಇರತ್ತೆ, ಮಗುಚೋ ಹಾಗಿಲ್ಲ.

(ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರಿಗೆ ಈ ರಗಳೆನೇ ಇಲ್ಲ, ಅವ್ರು ಕೌದಿನ ಅಂಚಿಂದಲೇ ಶುರು ಮಾಡಿ ಸುತ್ತುತ್ತಾ ಒಳಗೆ ಹೋಗ್ತಾರೆ.)

ಬಟ್ಟೆ ಎಷ್ಟು ಬೇಕು ಅಂತ ಕೇಳ್ತಾನೇ ಇರ್ತೀರ. 60 ಇಂಚು ಅಗಲ 90 ಇಂಚು ಉದ್ದದ ಕ್ವಿಲ್ಟಿಗೆ ಸುತ್ತಳತೆ 300, ಮೂಲೆಗೆ ಕೊನೆಗೆ ಅಂತ 12 ಸೇರಿಸಿ. 44 ಇಂಚು ಪನ್ನದಲ್ಲಿ ಅಡ್ಡ ಗೆರೆಯ ಎಂಟು ಪಟ್ಟಿ, 20 ಇಂಚು ಬಟ್ಟೆ. ಆದ್ರೆ ಗೆರೆ ಕೂಡಿಸೋಕೆ ಒಂದೊಂದು ಜಾಯಿಂಟಿಗೂ ಒಂದು ಸರದಿಯಷ್ಟು (ಎಲ್ಲಾ ಬಣ್ಣ ಒಂದು ಸಲ ಬಂದು ಮುಗಿಯೋ ಅಷ್ಟು ಉದ್ದ) ಬಟ್ಟೆ ಹೋಗಬಹುದು, ಸರದಿ ನಾಲ್ಕಿಂಚಿಗಿಂತ ದೊಡ್ಡದಿದ್ರೆ ಇನ್ನೊಂದು ಪಟ್ಟಿ ಹೆಚ್ಚಿಗೆ ಇಟ್ಕೊಳ್ಳೋದು ಒಳ್ಳೇದು. ಮುಂಚೆನೇ ನೆನೆಸಿ ಒಣಗಿಸಿ, ನಮ್ಮ ಮಳೆಗಾಲದಲ್ಲಿ ಒಣಗೋದು ಲೇಟು ಅಂತ ಹಾಗೇ ಹೊಲಿಯೋಕೆ ಹೋಗ್ಬೇಡಿ.

ಸುತ್ತಿ ಬಂದು ಮುಗಿಯೋ ಕೊನೇ ಜಾಯಿಂಟ್ ಮಾತ್ರ ಸುತ್ತಳತೆ ಸರಿಯಾಗಿ ಸರದಿ ಲೆಕ್ಕಕ್ಕೆ ಬಂದ್ರೆ ಮಾತ್ರ ಕೂಡೋದು, ಹೆಚ್ಚಿನ ಸಲ ಬರಲ್ಲ. ಅದನ್ನ ಕಾಲಿನ ಕಡೆಗೆ, ಮೂಲೆಯಿಂದ ದೂರ ಇಟ್ಟು ಸುಮ್ನಾಗಿ.