ಒಂದು ಗಿಟಾರ್, ಒಂದು ದನಿಯ ಆಲ್ಬಂ: ಮೂರನೇ ಹಾಡಿಗೇ ಸಾಕೆನಿಸುವುದೇಕೆ?

ಓದುಗರ ಪ್ರಶ್ನೆ: ಒಬ್ಬರೇ ಗಿಟಾರ್ ಹಿಡಿದು ಹಾಡಿದ ಆಲ್ಬಂಗಳನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತೇವೆ, ಬೇಸರವೇ ಬರುವುದಿಲ್ಲ. ನಾವೇ ಬರೆದ ಕನ್ನಡ ಹಾಡುಗಳನ್ನು ಮುಂಬೈ ಹತ್ತಿರದ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಹಾಗೇ ರೆಕಾರ್ಡ್ ಮಾಡಿದರೆ ಮೂರನೇ ಹಾಡಿಗೇ ಸಾಕಾಗುತ್ತದೆ. ವಾದ್ಯ ಕಡಿಮೆಯಾಯಿತೇ?

ವಾದ್ಯ ಕಡಿಮೆಯಾಗಿಲ್ಲ. ಲಯ ತೋರಿಸುವ ಮೆಟ್ರೊನೋಮಿನ ಟಿಕ್ ಟಿಕ್ ಕಿವಿಗೆ ಹಾಕಿಕೊಂಡು ಮೊದಲು ಗಿಟಾರ್ ನುಡಿಸಿಟ್ಟಿರುತ್ತೀರಿ, ಆಮೇಲೆ ಅದರ ಮೇಲೆ ಹಾಡಿರುತ್ತೀರಿ. ಮನೆಯಲ್ಲಿ ರೆಕಾರ್ಡ್ ಮಾಡುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ, ಒಂಟಿ ದನಿಯ ಹಾಡಿನ ಜೀವ ಹೋಗುವುದೂ ಇಲ್ಲೇ. ನೀವು ಮೆಚ್ಚುವ ಆಲ್ಬಂಗಳಲ್ಲಿ ಕೈ ಮತ್ತು ಗಂಟಲು ಒಟ್ಟಿಗೇ ಕೆಲಸ ಮಾಡಿವೆ. ಒಂದು ಪದವನ್ನು ತುಸು ಎಳೆದಾಗ ಹೆಬ್ಬೆರಳು ಕೂದಲೆಳೆಯಷ್ಟು ಕಾಯುತ್ತದೆ. ಸಾಲು ಮುಗಿದು ಉಸಿರೆಳೆದುಕೊಳ್ಳುವಾಗ ಮೀಟು ತಾನಾಗಿ ಮೆತ್ತಗಾಗುತ್ತದೆ. ಮೊದಲೇ ನುಡಿಸಿಟ್ಟ ಗಿಟಾರಿಗೆ ಮುಂದಿನ ಪದ ಯಾವುದೆಂದು ಗೊತ್ತಿರುವುದಿಲ್ಲ, ದನಿ ಅದರ ಹಿಂದೆ ಹಿಂದೆ ನಡೆಯಬೇಕಾಗುತ್ತದೆ. ಕೇಳುವವರು ಇದನ್ನು ಹೆಸರಿಟ್ಟು ಹೇಳಲಾರರು, ಆದರೆ ಒಬ್ಬ ಮನುಷ್ಯ ಎದುರಿಗೆ ಕೂತಿಲ್ಲ ಎಂದು ಕಿವಿಗೆ ತಿಳಿದುಬಿಡುತ್ತದೆ.

ಬ್ಯಾಂಡಿನಲ್ಲಿ ಇಂಥದ್ದು ಮುಚ್ಚಿಹೋಗುತ್ತದೆ. ಡ್ರಮ್ಸು, ಬೇಸು ಜೋರಾಗಿರುವಾಗ ಅದೇ ಕಂಪನದ ಸಣ್ಣ ಸದ್ದುಗಳು ಕಿವಿಗೆ ಬೀಳುವುದೇ ಇಲ್ಲ. ಒಂದೇ ಗಿಟಾರ್ ಇದ್ದಾಗ ಎಲ್ಲವೂ ಬಯಲಾಗುತ್ತದೆ: ಸುತ್ತಿದ ತಂತಿಯ ಮೇಲೆ ಬೆರಳು ಜಾರಿದ ಕಿರ್ ಸದ್ದು, ತುಟಿ ತೆರೆದದ್ದು, ಹಾಡಿಗೆ ಮುಂಚಿನ ಉಸಿರು. ಎದುರಿನ ಸದ್ದನ್ನು ಹೆಚ್ಚು, ಬೆನ್ನ ಹಿಂದಿನದನ್ನು ಕಡಿಮೆ ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಹತ್ತಿರ ಹೋದಷ್ಟೂ ದನಿಯ ಕೆಳಗಿನ ಭಾಗ ತುಂಬಿಕೊಳ್ಳುತ್ತದೆ. ತೀರ ಬೇಕಾದವರು ಪಕ್ಕದಲ್ಲಿ ಕೂತು ಮಾತಾಡಿದಂತೆ ಅನಿಸುವುದು ಅದಕ್ಕೇ.

ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕಾ’ (1982) ನ್ಯೂಜೆರ್ಸಿಯ ಮನೆಯೊಂದರಲ್ಲಿ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿಯುವ, ಕ್ಯಾಸೆಟ್ ರೆಕಾರ್ಡರ್ ಮತ್ತು ಎರಡು ಶೂರ್ ಎಸ್‌ಎಂ57 ಮೈಕಿನಲ್ಲಿ ಹಿಡಿದದ್ದು. ಗಿಟಾರ್ ಮತ್ತು ದನಿ ಒಟ್ಟಿಗೇ ಬಿದ್ದವು, ಉಳಿದ ಟ್ರ್ಯಾಕುಗಳಲ್ಲಿ ಅಲ್ಪಸ್ವಲ್ಪ ಸೇರಿಸಿದರು. ಬ್ಯಾಂಡಿಗೆ ಕೇಳಿಸಲೆಂದು ಮಾಡಿದ ಡೆಮೊ ಅದು. ಬ್ಯಾಂಡಿನ ಜೊತೆ ಮತ್ತೆ ನುಡಿಸಿ ನೋಡಿದರೂ ಕೊನೆಗೆ ಆ ಕ್ಯಾಸೆಟ್ಟೇ ಆಲ್ಬಂ ಆಯಿತು. ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ (1972) ಎರಡೇ ರಾತ್ರಿಗಳಲ್ಲಿ ಮುಗಿದದ್ದು. ಹನ್ನೊಂದು ಹಾಡು, ಒಟ್ಟು ಸುಮಾರು 28 ನಿಮಿಷ, ಒಂದು ಹಾಡಿನಲ್ಲಿ ಮಾತ್ರ ತುಸು ಪಿಯಾನೊ.

ನಮಗೂ ಇದು ಹೊಸತಲ್ಲ. ಬೀಸುವ ಪದಕ್ಕೆ ಇದ್ದ ಪಕ್ಕವಾದ್ಯ ಬೀಸುಕಲ್ಲಿನ ಒಂದೇ ಸಮನೆಯ ಗುರುಗುರು. ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ. ತಳದಲ್ಲಿ ಅಲುಗದ ಒಂದು ನಾದ, ಅದರ ಮೇಲೆ ಬೇಕಾದಂತೆ ಹಿಗ್ಗುವ ಕುಗ್ಗುವ ಮಾತು. ಗಿಟಾರಿನಲ್ಲಿ ಆ ಏಕತಾರಿಯ ಕೆಲಸ ಹೆಬ್ಬೆರಳಿನದು. ಸಿ ಕಾರ್ಡ್ ಹಿಡಿದು ಹೆಬ್ಬೆರಳಿನಿಂದ ಐದನೇ, ನಾಲ್ಕನೇ, ಐದನೇ, ನಾಲ್ಕನೇ ತಂತಿ ಎಂದು ಸಮನಾಗಿ ಮೀಟುತ್ತಾ, ಮೇಲೆ ಪದ್ಯವನ್ನು ಹಾಡದೆ ಬರೀ ಮಾತಿನಂತೆ ಹೇಳಿ. ಮಾತು ನಿಧಾನಿಸಿದಾಗಲೂ ಹೆಬ್ಬೆರಳು ಗಾಬರಿಯಾಗಬಾರದು. ಇಷ್ಟು ಬರುವವರೆಗೆ ಮೈಕ್ ಹೊರತೆಗೆಯಬೇಡಿ ಎಂದೇ ನಮ್ಮ ಸಲಹೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ನಮ್ಮ ಭಾಷೆಯಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲು. ಬಲವಾದ ಮೀಟು ಹ್ರಸ್ವದ ಮೇಲೆ ಬಿದ್ದರೆ ಬಾಯಿ ಅದನ್ನು ಎಳೆದುಬಿಡುತ್ತದೆ, ‘ಬಳೆ’ ಹೋಗಿ ‘ಬಾಳೆ’ ಆಗುತ್ತದೆ. ಸಾಲನ್ನು ಬರೆದು ಗುರು ಲಘು ಹಾಕಿ, ಬಲವಾದ ಮೀಟು ಆದಷ್ಟೂ ಗುರುವಿನ ಮೇಲೆ ಬರುವಂತೆ ಕೂಡಿಸಿ. ಒಂದೆರಡು ಕಡೆ ಪದವನ್ನೇ ಬದಲಿಸಬೇಕಾಗಬಹುದು. ಬದಲಿಸಿ.

ಇನ್ನು ಕೋಣೆ. ಹತ್ತಡಿಗೆ ಹತ್ತಡಿಯ ಬೆಡ್‌ರೂಮಿನಲ್ಲಿ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ (ಸೆಕೆಂಡಿಗೆ 56 ಕಂಪನ) ಮತ್ತು ಅದರ ದುಪ್ಪಟ್ಟು 112 ಹರ್ಟ್ಸಿನ ಸದ್ದು ಬೇಗ ಆರದೆ ಉಳಿದುಬಿಡುತ್ತದೆ. ಗಿಟಾರಿನ ಐದನೇ ತಂತಿ 110 ಹರ್ಟ್ಸ್. ಅದನ್ನು ಮೀಟಿದಾಗಲೆಲ್ಲ ಕೋಣೆ ಗುಂಯ್ ಎನ್ನುವುದು ಇದರಿಂದ, ಗಿಟಾರಿನ ತಪ್ಪಲ್ಲ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಕಾಟವೂ ಎರಡರಷ್ಟು. ನಟ್ಟನಡುವೆ ಕೂತರೆ ಈ 112ರ ಗುಂಯ್ ಅತಿ ಜೋರು. ಮೂಲೆಯ ಎರಡೂ ಗೋಡೆಗಳಿಂದ ಸುಮಾರು ಎರಡೂವರೆ ಅಡಿಗೆ, ಅಂದರೆ ಉದ್ದ ಅಗಲಗಳ ಕಾಲು ಭಾಗಕ್ಕೆ, ಗಿಟಾರ್ ಮತ್ತು ಮೈಕನ್ನು ಸರಿಸಿ. ಅಲ್ಲಿ ಅದು ಬಹಳ ಇಳಿಯುತ್ತದೆ. ಬೆನ್ನ ಹಿಂದಿನ ಗೋಡೆಗೆ ದಪ್ಪ ರಜಾಯಿ ತೂಗುಹಾಕಿ, ಗಾದಿಯನ್ನು ಮೂಲೆಗೆ ನಿಲ್ಲಿಸಿ. ಫ್ಯಾನ್, ಎಸಿ, ಫ್ರಿಜ್ ಎಲ್ಲ ಬಂದ್. ಫ್ರಿಜ್ ಮತ್ತೆ ಹಾಕಲು ಮರೆಯದಂತೆ ಬಾಗಿಲಿಗೆ ಚೀಟಿ ಅಂಟಿಸಿ. ಹಳಿಯ ಪಕ್ಕದ ಬಿಲ್ಡಿಂಗಾದರೆ ಕೊನೆಯ ಲೋಕಲ್ ಹೋದ ಮೇಲೆ ಸಿಗುವ ಎರಡು ಮೂರು ತಾಸೇ ನಿಮ್ಮ ಸ್ಟುಡಿಯೊ.

ಮಳೆಗಾಲದಲ್ಲಿ ಮುಂಬೈ ಗಾಳಿ ಗಿಟಾರಿಗೆ ಕಷ್ಟ. ಮರ ನೀರು ಕುಡಿದು ಮೇಲ್ಹಲಗೆ ಉಬ್ಬುತ್ತದೆ, ತಂತಿ ಎತ್ತರವಾಗುತ್ತದೆ, ನಾದ ಮಂಕಾಗುತ್ತದೆ. ಸಿಲಿಕಾ ಜೆಲ್ ಹಾಕಿದ ಕೇಸಿನಲ್ಲಿಡಿ, ಒಳಗಿನ ತೇವಾಂಶ 45ರಿಂದ 55 ಶೇಕಡಾ ಇರಲಿ. ಎಸಿ ಕೋಣೆಯಿಂದ ತಂದ ಗಿಟಾರ್ ಶ್ರುತಿ ಜಾರುತ್ತಲೇ ಇರುತ್ತದೆ, ಹಾಡುವ ಕೋಣೆಯಲ್ಲಿ ಅರ್ಧ ತಾಸಾದರೂ ತೆರೆದಿಟ್ಟು ಆಮೇಲೆ ಟ್ಯೂನ್ ಮಾಡಿ. ಹೊಸ ತಂತಿ ಹಿಂದಿನ ದಿನವೇ ಹಾಕಿ ಎರಡು ತಾಸು ನುಡಿಸಿರಿ. ಕೇಪೋ (ಗಿಟಾರಿನ ಕತ್ತಿನ ಮೇಲೆ ತಂತಿಗಳನ್ನು ಅದುಮಿ ಹಿಡಿಯುವ ಕ್ಲಿಪ್) ಹಾಕಿದ ಮೇಲೆ ಶ್ರುತಿ ಬೇಕಾದ್ದಕ್ಕಿಂತ ತುಸು ಏರುತ್ತದೆ, ಮತ್ತೆ ನೋಡಿ.

ಮೈಕ್ ಒಂದೇ ಇದ್ದರೆ ಸಾಕು. ಬಾಯಿ ಮತ್ತು ಗಿಟಾರಿನ ಹನ್ನೆರಡನೇ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ನಡುವಿನ ಎತ್ತರಕ್ಕೆ, 40 ಸೆಂಟಿಮೀಟರ್ ದೂರ. ದನಿ ಸಾಲದಿದ್ದರೆ ಮೈಕನ್ನು ಎರಡು ಬೆರಳು ಮೇಲೆತ್ತಿ, ಗಿಟಾರ್ ಸಾಲದಿದ್ದರೆ ಇಳಿಸಿ. ಈ ಸಮತೋಲ ಆಮೇಲೆ ಸರಿಮಾಡಲಾಗದು. ಎರಡು ಮೈಕಾದರೆ ಗಿಟಾರಿನ ಮೈಕಿನ ಬೆನ್ನು ನಿಮ್ಮ ಬಾಯಿಯ ಕಡೆಗಿರಲಿ, ದನಿ ಅದಕ್ಕೆ ಕಡಿಮೆ ನುಗ್ಗುತ್ತದೆ. ಎರಡನ್ನೂ ಮೊನೊದಲ್ಲಿ, ಅಂದರೆ ಒಂದೇ ಚಾನೆಲ್ಲಿಗೆ, ಕೂಡಿಸಿ ಕೇಳಿ. ತೆಳುವಾಗಿ ಕೇಳಿಸಿದರೆ ಒಂದರ ಪೊಲಾರಿಟಿ ತಿರುಗಿಸಿ (ಅಲೆಯ ಏರನ್ನು ಇಳಿವಾಗಿ, ಇಳಿವನ್ನು ಏರಾಗಿ ಮಾಡುವುದು), ಯಾವುದು ತುಂಬಿದೆಯೋ ಅದನ್ನು ಇಟ್ಟುಕೊಳ್ಳಿ. ಪ, ಬ, ಭ ಅಕ್ಷರಗಳ ಗಾಳಿ ಬಡಿಯದಂತೆ ದನಿಯ ಮೈಕ್ ಬಾಯಿಯ ನೇರಕ್ಕಲ್ಲ, ತುಸು ಪಕ್ಕಕ್ಕಿರಲಿ. ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ, ಅತಿ ಜೋರಿನ ಸಾಲಿಗೆ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸು ತೋರಿಸಲಿ.

ಒಂದು ರಾತ್ರಿ ಒಂದು ಹಾಡಿಗೆ ನಾಲ್ಕು ಟೇಕ್, ಹೆಚ್ಚು ಬೇಡ. ಆರನೆಯ ಟೇಕಿಗೆ ತಪ್ಪು ಕಡಿಮೆಯಾಗುತ್ತದೆ, ಮಾತಿನ ಬಿಸಿಯೂ ಆರುತ್ತದೆ. ಎರಡು ಟೇಕ್ ಜೋಡಿಸಲೇಬೇಕಾದರೆ ಹಾಡಿನ ಚರಣಗಳ ನಡುವೆ, ದನಿಯಿಲ್ಲದ ಜಾಗದಲ್ಲಿ ಮಾತ್ರ. ಜೋರು ಮೆಲುವಿನ ಅಂತರ ಕುಗ್ಗಿಸುವ ಕಂಪ್ರೆಸರ್ ಹಾಕಿದರೂ ಎರಡು ಮೂರು ಡೆಸಿಬಲ್ಲಿಗಿಂತ ಹೆಚ್ಚು ಅದುಮಬೇಡಿ. ಸ್ಪಾಟಿಫೈ ಹೇಗೂ ಎಲ್ಲ ಹಾಡನ್ನೂ ಹತ್ತಿರ ಹತ್ತಿರ ಒಂದೇ ಜೋರಿಗೆ ತರುತ್ತದೆ, ಅರಚಿಸಿ ಲಾಭವಿಲ್ಲ.

ಮೂರನೇ ಹಾಡಿನ ಬೇಸರಕ್ಕೆ ಇನ್ನೂ ಒಂದು ಕಾರಣ ಇರಬಹುದು. ಎಲ್ಲ ಹಾಡುಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಶ್ರುತಿ, ವೇಗ, ತಂತಿಗಳನ್ನೆಲ್ಲ ಒಟ್ಟಿಗೇ ಬಾರಿಸುವ ಸ್ಟ್ರಮ್ಮಿಂಗೋ ಬೆರಳಿನ ಮೀಟೋ, ಯಾರು ಯಾರಿಗೆ ಹೇಳುತ್ತಿದ್ದಾರೆ. ಎಂಟರಲ್ಲಿ ಆರು ಜಿ ಶ್ರುತಿ, ಆರಕ್ಕೂ ನಿಮಿಷಕ್ಕೆ 80 ಬಡಿತದ ವೇಗ, ಎಲ್ಲದರಲ್ಲೂ ‘ನಾನು’ ಎಂದು ಕಂಡರೆ ಉತ್ತರ ಅಲ್ಲೇ ಇದೆ. ಎರಡು ಹಾಡಿಗೆ ಆರೂ ತಂತಿಗಳನ್ನು ಕ್ರಮವಾಗಿ ಡಿ ಎ ಡಿ ಜಿ ಎ ಡಿ ಸ್ವರಗಳಿಗೆ ತನ್ನಿ, ಒಂದನ್ನು ಕೇಪೋ ಹಾಕಿ ನಾಲ್ಕನೇ ಫ್ರೆಟ್ಟಿಗೇರಿಸಿ, ಒಂದನ್ನು ಗಿಟಾರೇ ಇಲ್ಲದೆ ಹಾಡಿ. ಅಕ್ಕಪಕ್ಕದ ಹಾಡುಗಳಲ್ಲಿ ಹಾಳೆಯ ಮೇಲಿನ ನಾಲ್ಕು ಸಂಗತಿಗಳಲ್ಲಿ ಎರಡಾದರೂ ಬೇರೆಯಿರಲಿ. ಇಡೀ ಆಲ್ಬಂ ಅರ್ಧ ತಾಸಿಗಿಂತ ಹಿಗ್ಗಿಸಬೇಡಿ.

ಕೊನೆಯ ಮೀಟಿನ ನಂತರ ಕೈ ಎತ್ತಬೇಡಿ, ತಂತಿ ಮುಟ್ಟಬೇಡಿ, ‘ಸರಿ ಬಂತಾ’ ಎಂದು ಕೇಳಬೇಡಿ. ನಾದ ಪೂರ್ತಿ ಆರಲು ಎಂಟು ಹತ್ತು ಸೆಕೆಂಡು ಬೇಕು. ಅಷ್ಟೂ ರೆಕಾರ್ಡ್ ಆಗಲಿ.